ಸೈಕಲ್ ಸವಾಲ್–ಜವಾಬ್: ರೋಲರ್ ಬ್ರೇಕ್ ಕೂಡಿಸುವುದು, ಕಾಪಾಡುವುದು

ಗಾಲಿಯ ನಡುವಿನ ಹಬ್ಬಿನೊಳಗೇ ಗಿಯರ್ ಇರುವ ಸಿಟಿ ಸೈಕಲ್ ತಗೊಂಡವರಿಂದ, ರಿಮ್ಮಿನ ಬದಲು ಹಬ್ಬಿನ ಪಕ್ಕದ ಡ್ರಮ್ಮಿನಲ್ಲಿ ಹಿಡಿಯುವ ರೋಲರ್ ಬ್ರೇಕಿನ ಬಗ್ಗೆ ಪತ್ರಗಳು ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ಸೆಕೆಂಡ್ ಹ್ಯಾಂಡ್ ಸಿಟಿ ಸೈಕಲ್ ತಗೊಂಡೀನ್ರಿ. ಹಿಂದಿನ ಗಾಲಿಗೆ ಶಿಮಾನೊ ನೆಕ್ಸಸ್ ಗಿಯರ್ ಹಬ್ ಐತಿ. ರೋಲರ್ ಬ್ರೇಕ್ ಬಿಚ್ಚಿ ಬ್ಯಾರೆ ಚೀಲದಾಗ ಹಾಕಿ ಕೊಟ್ಟಾರ. ನಮ್ಮ ಮಿಸ್ತ್ರಿ ಇದನ್ನ ನೋಡೇ ಇಲ್ಲ ಅಂತಾನ. ಹೆಂಗ ಕೂಡಿಸಬೇಕು?
— ಓದುಗರು, ಟಿಳಕವಾಡಿ, ಬೆಳಗಾವಿ

ಮೊದಲು ಹಬ್ಬಿನ ಎಡಬದಿ ನೋಡಿರಿ. ರೋಲರ್ ಬ್ರೇಕಿಗೆಂದೇ ಮಾಡಿದ ಹಬ್ಬಿನಲ್ಲಿ ಅಲ್ಲಿ ಸುತ್ತಲೂ ಹಲ್ಲು ಇರುತ್ತವೆ. ಬ್ರೇಕಿನ ಒಳಗೂ ಅಂಥವೇ ಹಲ್ಲು. ಎರಡೂ ಒಂದರೊಳಗೊಂದು ಕೂಡಬೇಕು. ನೆಕ್ಸಸ್ಸಿನಲ್ಲೇ ಪೆಡಲ್ ಹಿಂದಕ್ಕೆ ಒತ್ತಿದರೆ ಹಿಡಿಯುವ ಬ್ರೇಕಿನ ಹಬ್ ಬೇರೆ ಬರುತ್ತದೆ. ನಿಮ್ಮದು ಅದಾಗಿದ್ದರೆ ಚೀಲದಲ್ಲಿರುವ ಬ್ರೇಕ್ ಅದಕ್ಕೆ ಕೂಡುವುದಿಲ್ಲ.

ಹಲ್ಲು ಇದ್ದರೆ ಬ್ರೇಕ್ ಹಾಕುವ ಮೊದಲೇ ಹಬ್ಬಿನ ಕೋನ್, ಅಂದರೆ ಬೇರಿಂಗಿನ ಬಿಗಿ ಹೊಂದಿಸುವ ನಟ್ಟು, ಸರಿಮಾಡಿಕೊಳ್ಳಿ. ಅಚ್ಚು ಹಿಡಿದು ಅಲ್ಲಾಡಿಸಿದರೆ ಸಡಿಲ ಇರಬಾರದು, ತಿರುಗಿಸಿದರೆ ಗರಗರ ಅನ್ನಬಾರದು. ಬ್ರೇಕ್ ಕೂತ ಮೇಲೆ ಎಡಗಡೆಯ ಕೋನಿಗೆ ಪಾನಾ ಹೋಗುವುದಿಲ್ಲ, ಮತ್ತೆ ಎಲ್ಲ ಬಿಚ್ಚಬೇಕಾಗುತ್ತದೆ. ಕಡ್ಡಿಗಳನ್ನೂ ಗಮನಿಸಿ. ಹಬ್ಬಿನಲ್ಲಿ ಹಿಡಿಯುವ ಬ್ರೇಕಿಗೆ ಕಡ್ಡಿಗಳು ಒಂದರ ಮೇಲೊಂದು ಹಾದು ಹೆಣೆದಿರಬೇಕು. ಹಬ್ಬಿನಿಂದ ರಿಮ್ಮಿಗೆ ನೆಟ್ಟಗೆ ಕಟ್ಟಿದ ಗಾಲಿಯಲ್ಲಿ ಬ್ರೇಕಿನ ತಿರುಚು ತಾಳಲಾರದೆ ಕಡ್ಡಿ ಮುರಿಯುತ್ತವೆ.

ಹಲ್ಲುಗಳನ್ನು ಒಣ ಬಟ್ಟೆಯಿಂದ ಒರೆಸಿ, ಬ್ರೇಕನ್ನು ಸಪಾಟಾಗಿ ಒಳಗೆ ತಳ್ಳಿ. ಸೊಟ್ಟ ಕೂತಿದ್ದರೆ ಸುತ್ತಿಗೆ ಬೇಡ, ತೆಗೆದು ಮತ್ತೆ ಹೊಂದಿಸಿ. ಆಮೇಲೆ ಬ್ರೇಕ್ ಹಿಡಿದಿಡುವ ನಟ್ಟನ್ನು 20ರಿಂದ 25 ನ್ಯೂಟನ್ ಮೀಟರ್ ಬಿಗಿ ಮಾಡಿ. ಟಾರ್ಕ್ ಪಾನಾ ಇಲ್ಲದಿದ್ದರೆ ಲೆಕ್ಕ ಸರಳ. 20 ಸೆಂ.ಮೀ. ಉದ್ದದ ಪಾನಾದ ತುದಿಯಲ್ಲಿ ಹತ್ತು ಹನ್ನೆರಡು ಕೆ.ಜಿ. ಎತ್ತುವಷ್ಟು ಜೋರು ಹಾಕಿದರೆ ಅಷ್ಟಾಗುತ್ತದೆ.

ಗಾಲಿಯನ್ನು ಫ್ರೇಮಿಗೆ ಏರಿಸಿದಾಗ ಬ್ರೇಕಿನ ತೋಳು ಚೈನಿನ ಎದುರು ಬದಿಯ, ಅಂದರೆ ಎಡಗಡೆಯ ಕೆಳಗಿನ ಪೈಪಿನ ಉದ್ದಕ್ಕೆ ಬರುತ್ತದೆ. ಇಲ್ಲಿ ಕ್ರಮ ತಪ್ಪಿಸಬೇಡಿ. ತೋಳನ್ನು ಪೈಪಿಗೆ ಹಿಡಿದಿಡುವ ಕ್ಲಿಪ್ಪನ್ನು ಮೊದಲು ಸಡಿಲವಾಗಿ ಹಾಕಿಡಿ. ಗಾಲಿಯನ್ನು ಹಿಂದಕ್ಕೆ ಎಳೆದು ಚೈನಿನ ಬಿಗಿ ನೋಡಿ, ನಟ್ಟನಡುವೆ ನಿಲ್ಲಿಸಿ, ಅಚ್ಚಿನ ನಟ್ಟುಗಳನ್ನು 30ರಿಂದ 45 ನ್ಯೂಟನ್ ಮೀಟರ್ ಬಿಗಿ ಮಾಡಿ. ಕ್ಲಿಪ್ಪಿನ ಬೋಲ್ಟ್ ಕೊನೆಗೆ. ಅದಕ್ಕೆ 2–3 ನ್ಯೂಟನ್ ಮೀಟರ್ ಸಾಕು, ಸಣ್ಣ ಪಾನಾ ಹಿಡಿದು ಎರಡೇ ಬೆರಳಿನ ಜೋರು. ಕ್ಲಿಪ್ಪನ್ನು ಮೊದಲೇ ಬಿಗಿದು ಆಮೇಲೆ ಗಾಲಿ ಎಳೆದರೆ ತೋಳು ಒಂದು ಬದಿಗೆ ವಾಲಿ ನಿಲ್ಲುತ್ತದೆ, ಬ್ರೇಕ್ ಹಿಡಿಯದಿದ್ದರೂ ಗಾಲಿ ತಿರುಗಿದಾಗ ಕರ್ ಕರ್ ಸದ್ದು ಬರುತ್ತದೆ. ಮುಂದೆ ಎಂದಾದರೂ ಚೈನ್ ಬಿಗಿ ಮಾಡುವಾಗಲೂ ಇದೇ ಕ್ರಮ: ಮೊದಲು ಕ್ಲಿಪ್ ಸಡಿಲಿಸಿ, ಆಮೇಲೆ ಗಾಲಿ ಸರಿಸಿ.

ಇನ್ನು ಕೇಬಲ್. ಒಳಗಿನ ತಂತಿ 1.6 ಮಿ.ಮೀ., ಹೊರಗವಸು 5 ಮಿ.ಮೀ.ದು ಇರಲಿ. ಗಿಯರಿನ ಗವಸನ್ನು ಬ್ರೇಕಿಗೆ ಹಾಕಲೇಬೇಡಿ, ಜೋರು ಎಳೆದಾಗ ಅದು ಸೀಳುತ್ತದೆ. ತಂತಿ ಹಿಡಿಯುವ ಬೋಲ್ಟನ್ನು 6–8 ನ್ಯೂಟನ್ ಮೀಟರ್ ಬಿಗಿದ ಮೇಲೆ, ಲಿವರನ್ನು ಹ್ಯಾಂಡಲಿಗೆ ತಾಗುವವರೆಗೆ ಹತ್ತು ಸಲ ಜೋರಾಗಿ ಹಿಂಡಿ. ಹೊಸ ಕೇಬಲ್ಲಿನ ಜಗ್ಗು ಆಗ ಹೋಗುತ್ತದೆ. ನಂತರ ಕೇಬಲ್ಲಿನ ಬಿಗಿ ಹೊಂದಿಸುವ ಎಳೆ ತಿರುಪು ತಿರುಗಿಸುತ್ತಾ ಲಿವರಿನ ಖಾಲಿ ಓಟವನ್ನು ಸುಮಾರು 15 ಮಿ.ಮೀ.ಗೆ ತನ್ನಿ. ಅಂದರೆ ಲಿವರಿನ ತುದಿ ಅಷ್ಟು ಸರಿದ ಮೇಲೆ ಬ್ರೇಕ್ ಹಿಡಿಯಲು ಸುರುವಾಗಬೇಕು. ಖಾಲಿ ಓಟ ತೀರ ಕಡಿಮೆ ಇಟ್ಟರೆ ಬ್ರೇಕ್ ಸದಾ ಸ್ವಲ್ಪ ಹಿಡಿದೇ ಇದ್ದು ಬಿಸಿಯಾಗುತ್ತದೆ. ಕೊನೆಗೆ ಆ ತಿರುಪಿನ ಲಾಕ್ ನಟ್ ಬಿಗಿದು, ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಗಾಲಿ ಎಲ್ಲಿಯೂ ಬಿಗಿಯಾಗಬಾರದು. ಮೊದಲ ಪರೀಕ್ಷೆ ಸೈಕಲ್ ಕೈಯಲ್ಲಿ ನೂಕುತ್ತಾ ಆಗಲಿ, ರಸ್ತೆಯ ಮೇಲೆ ಆಮೇಲೆ.

ಲಿವರ್ ಹ್ಯಾಂಡಲಿಗೆ ತಾಗೂತನಕ ಹಿಂಡಿದ್ರೂ ಹಿಂದಿನ ರೋಲರ್ ಬ್ರೇಕ್ ಮೆತ್ತಗ ಹಿಡಿತೈತಿ. ಒಳಗಿನ ಶೂ ಸವದಾವೇನು? ಬಿಚ್ಚಿ ನೋಡ್ಲಿ?
— ಓದುಗರು, ಖಾನಾಪುರ

ಬಿಚ್ಚಬೇಡಿ. ರೋಲರ್ ಬ್ರೇಕನ್ನು ಬಿಚ್ಚಿ ರಿಪೇರಿ ಮಾಡುವ ಹಾಗೆ ಮಾಡಿಲ್ಲ, ಒಳಗಿನ ಬಿಡಿಭಾಗಗಳೂ ಬಿಡಿಯಾಗಿ ಸಿಗುವುದಿಲ್ಲ. ಕೇಬಲ್ ಎಳೆದಾಗ ಒಳಗಿನ ಕ್ಯಾಮ್ ತಿರುಗಿ ರೋಲರುಗಳನ್ನು ಹೊರಕ್ಕೆ ತಳ್ಳುತ್ತದೆ, ರೋಲರುಗಳು ಲೋಹದ ಶೂಗಳನ್ನು ಲೋಹದ ಡ್ರಮ್ಮಿಗೆ ಒತ್ತುತ್ತವೆ. ನಡುವೆ ಗ್ರೀಸ್ ಇರುತ್ತದೆ. ರಬ್ಬರ್ ಇಲ್ಲದ್ದರಿಂದ ಅದು ಬೇಗ ಸವೆಯುವ ವಸ್ತು ಅಲ್ಲ. ಮೆತ್ತಗಾದ ಬ್ರೇಕಿನ ಕಾರಣ ಸಾಮಾನ್ಯವಾಗಿ ಡ್ರಮ್ಮಿನ ಹೊರಗೇ ಇರುತ್ತದೆ.

ಮೊದಲ ಅನುಮಾನ ಲಿವರಿನ ಮೇಲೆ. ಹಳೆಯ ಲಿವರ್ ಮುರಿದಾಗ ಅಂಗಡಿಯಲ್ಲಿ ಸಿಕ್ಕ ವಿ-ಬ್ರೇಕ್ (ಎರಡು ಉದ್ದ ತೋಳಿನಿಂದ ರಿಮ್ ಹಿಡಿಯುವ ಬ್ರೇಕ್) ಲಿವರ್ ಹಾಕಿದ್ದಾರೆಯೇ? ವಿ-ಬ್ರೇಕ್ ಲಿವರ್ ಒಂದೇ ಹಿಂಡಿಗೆ ಮಾಮೂಲಿ ಲಿವರಿನ ಹೆಚ್ಚುಕಡಿಮೆ ಎರಡರಷ್ಟು ಕೇಬಲ್ ಎಳೆಯುತ್ತದೆ, ಆದರೆ ಜೋರು ಅರ್ಧ. ರೋಲರ್ ಬ್ರೇಕಿಗೆ ಬೇಕಾದದ್ದು ಕ್ಯಾಂಟಿಲಿವರ್ ಬಗೆಯ, ಅಂದರೆ ಕಡಿಮೆ ಕೇಬಲ್ ಎಳೆದು ಹೆಚ್ಚು ಜೋರು ಕೊಡುವ ಮಾಮೂಲಿ ಲಿವರ್. ಕೆಲವು ಶಿಮಾನೊ ಲಿವರುಗಳಲ್ಲಿ ಎರಡು ಸ್ಥಾನ ಇರುತ್ತವೆ: ‘ವಿ’ ಮತ್ತು ‘ಸಿ-ಆರ್’ (ಕ್ಯಾಂಟಿಲಿವರ್, ರೋಲರ್). ನಿಮ್ಮದು ಅಂಥದ್ದಾಗಿದ್ದರೆ ‘ಸಿ-ಆರ್’ಗೆ ಬದಲಿಸಿ, ಬೇರೇನೂ ಮುಟ್ಟದೆ ಒಮ್ಮೆ ಓಡಿಸಿ ನೋಡಿ.

ಎರಡನೆಯದು ಕೇಬಲ್, ಖಾನಾಪುರದ ಮಳೆಗೆ ಇದೇ ದೊಡ್ಡ ಶತ್ರು. ಬ್ರೇಕ್ ಒಳಗೆ ನೀರು ಹೋಗುವುದು ಕಷ್ಟ, ಗವಸಿನೊಳಗೆ ಹೋಗುವುದು ಸಲೀಸು. ಹಿಂದಿನ ಕೇಬಲ್ ಪೈಪುಗುಂಟ ಇಳಿದು ಬರುವಲ್ಲಿ ಅತಿ ತಗ್ಗಿನ ಬಾಗು ಎಲ್ಲಿದೆಯೋ ಅಲ್ಲಿ ನೀರು ನಿಂತು ತಂತಿ ತುಕ್ಕು ಹಿಡಿಯುತ್ತದೆ. ಕೇಬಲ್ಲನ್ನು ಬ್ರೇಕಿನ ತುದಿಯಲ್ಲಿ ಕಳಚಿ ಕೈಯಿಂದ ಎಳೆದು ನೋಡಿ. ಗವಸಿನಲ್ಲಿ ತಂತಿ ನುಣ್ಣಗೆ ಜಾರದೆ ಒರಟಾಗಿ ಬಂದರೆ ಎಣ್ಣೆ ಬಿಟ್ಟು ಸುಧಾರಿಸಲು ಹೋಗದೆ ತಂತಿ, ಗವಸು ಎರಡನ್ನೂ ಬದಲಿಸಿ. ಮಳೆಗಾಲ ಮುಗಿದ ಕೂಡಲೆ ವರ್ಷಕ್ಕೊಮ್ಮೆ ಬದಲಿಸಿದರೂ ಅದು ದುಂದುವೆಚ್ಚವಲ್ಲ.

ಬ್ರೇಕ್ ಹಿಡಿದು ಬಿಡದಿದ್ದರೂ ಇದೇ ಪರೀಕ್ಷೆ. ಕೇಬಲ್ ಕಳಚಿದ ಮೇಲೆ ಗಾಲಿ ಸರಾಗ ತಿರುಗಿದರೆ ದೋಷ ಕೇಬಲ್ಲಿನದು. ಆಗಲೂ ಬಿಗಿ ಇದ್ದರೆ ಗ್ರೀಸ್ ತುಂಬಿ ನೋಡಿ, ಅದಕ್ಕೂ ಬಗ್ಗದಿದ್ದರೆ ಬ್ರೇಕ್ ಇಡಿಯಾಗಿ ಬದಲಿಸುವುದೇ ದಾರಿ.

ಮುಂದಿನ ಬ್ರೇಕ್ ಎಷ್ಟು ಜೋರ ಹಿಂಡಿದ್ರೂ ಗಾಲಿ ಗಪ್ ಅಂತ ನಿಲ್ಲವಲ್ದು. ಕೆಟ್ಟೈತೇನ್ರಿ?
— ಓದುಗರು, ಗೋಕಾಕ

ಇಲ್ಲ. ಮುಂದಿನ ರೋಲರ್ ಬ್ರೇಕಿನಲ್ಲಿ ಪವರ್ ಮಾಡ್ಯುಲೇಟರ್ ಎಂಬ ಭಾಗ ಇದ್ದು, ಒಂದು ಮಿತಿ ಮೀರಿದ ಮೇಲೆ ಹಿಡಿತ ಏರದಂತೆ ತಡೆಯುತ್ತದೆ. ಮುಂದಿನ ಗಾಲಿ ಒಮ್ಮೆಲೆ ನಿಂತು ಸವಾರ ಹ್ಯಾಂಡಲಿನ ಮೇಲಿಂದ ಹಾರದಿರಲಿ ಎಂದು ಹಾಗೆ ಮಾಡಿದ್ದು. ಮಾದರಿ ಸಂಖ್ಯೆಯ ಕೊನೆಗೆ ‘ಎಫ್’ ಇದ್ದರೆ ಮುಂದಿನದು, ‘ಆರ್’ ಇದ್ದರೆ ಹಿಂದಿನದು. ಬಿಆರ್-ಐಎಂ45-ಎಫ್, ಬಿಆರ್-ಐಎಂ45-ಆರ್ ಎಂಬಂತೆ ಬರೆದಿರುತ್ತದೆ. ಹಿಡಿತ ಹೆಚ್ಚಲಿ ಅಂತ ಹಿಂದಿನದನ್ನು ಮುಂದೆ ಹಾಕುವ ಸಾಹಸ ಬೇಡ.

ಬ್ರೇಕ್ ಹಿಡಿದರೆ ಕೀಂವ್ ಅಂತ ಒದರತೈತಿ. ಮಿಸ್ತ್ರಿ ಡೀಸೆಲ್ ಬಿಟ್ಟು ತೊಳದ, ಎರಡ ದಿನ ಸುಮ್ಮನಿತ್ತು, ಈಗ ಮೊದಲಿಗಿಂತ ಜೋರ ಆಗೇತಿ.
— ಓದುಗರು, ನವನಗರ, ಬಾಗಲಕೋಟೆ

ಡೀಸೆಲ್ಲು ಒಳಗಿದ್ದ ಗ್ರೀಸನ್ನು ಕರಗಿಸಿ ಹೊರಹಾಕಿದೆ. ಈಗ ಶೂ, ಡ್ರಮ್ ಎರಡೂ ಬರೀ ಲೋಹ ಲೋಹ ಉಜ್ಜುತ್ತಿವೆ. ಹಾಗೇ ಓಡಿಸಿದರೆ ಡ್ರಮ್ಮಿನ ಒಳಮೈಗೆ ಗೀರು ಬೀಳುತ್ತವೆ, ಆಮೇಲೆ ಯಾವ ಗ್ರೀಸೂ ಕೆಲಸಕ್ಕೆ ಬಾರದು. ಬ್ರೇಕ್ ಒದರುವುದು, ಇಲ್ಲವೆ ಸ್ವಲ್ಪ ಹಿಂಡಿದರೇ ಗಕ್ಕನೆ ಹಿಡಿಯುವುದು, ಇವೆರಡೂ ಗ್ರೀಸ್ ತೀರಿದ ಗುರುತು.

ಇದಕ್ಕೆ ಶಿಮಾನೊ ಕಂಪನಿಯ ರೋಲರ್ ಬ್ರೇಕ್ ಗ್ರೀಸ್ ಎಂದೇ ಟ್ಯೂಬು ಸಿಗುತ್ತದೆ, ನಮ್ಮ ಕಡೆ ಆನ್‌ಲೈನಿನಲ್ಲಿ ತರಿಸುವುದೇ ಸುಲಭ. ಮೋಟರ್‌ಸೈಕಲ್ಲಿನ ಬೇರಿಂಗ್ ಗ್ರೀಸ್ ಬೇಡ. ಬೇರಿಂಗ್ ಗ್ರೀಸಿನ ಕೆಲಸ ಜಾರಿಸುವುದು. ಇಲ್ಲಿ ಬೇಕಾದದ್ದು ಬಿಸಿ ತಡೆದು, ಲೋಹವನ್ನೂ ಕಾಯ್ದು, ಹಿಡಿತವನ್ನೂ ಉಳಿಸುವ ಗ್ರೀಸು. ಬ್ರೇಕಿನ ಮೈಮೇಲೆ ಸಣ್ಣ ರಬ್ಬರ್ ಬಿರಡೆ ಹಾಕಿದ ತೂತು ಇದೆ. ಸುತ್ತಲಿನ ಧೂಳು ಒರೆಸಿ ಬಿರಡೆ ತೆಗೆಯಿರಿ. ಒರೆಸದೆ ತೆಗೆದರೆ ನಿಮ್ಮ ಕಡೆಯ ಎರೆಮಣ್ಣಿನ ಧೂಳು ನೆಟ್ಟಗೆ ಒಳಗಿಳಿಯುತ್ತದೆ. ಟ್ಯೂಬಿನ ಮೂತಿಯನ್ನು ಒಳಗೆ ಇಟ್ಟು, ಗಾಲಿಯನ್ನು ನಿಧಾನ ತಿರುಗಿಸುತ್ತಾ ಸ್ವಲ್ಪ ಸ್ವಲ್ಪ ಹಿಂಡಿ. ಬಿರಡೆ ಹಾಕಿ ಗಾಲಿ ತಿರುಗಿಸುತ್ತಾ ಲಿವರನ್ನು ಹಿಂಡಿ ಬಿಡುತ್ತಿರಿ, ಸದ್ದು ನಿಲ್ಲಬೇಕು. ಹೊಸ ಗ್ರೀಸ್ ತುಂಬಿದ ಮೇಲೆ ಸ್ವಲ್ಪ ಹೊತ್ತು ಬ್ರೇಕ್ ಮೆತ್ತಗೆ ಅನಿಸಬಹುದು. ಗದ್ದಲದ ರಸ್ತೆಗೆ ಇಳಿಯುವ ಮೊದಲು ಖಾಲಿ ಜಾಗದಲ್ಲಿ ಓಡಿಸಿ ಖಾತ್ರಿ ಮಾಡಿಕೊಳ್ಳಿ.

ವಾಷಿಂಗ್ ಸೆಂಟರಿನ ಪ್ರೆಶರ್ ಪೈಪನ್ನು ಹಬ್ಬಿನ ಕಡೆ ತಿರುಗಿಸಬೇಡಿ ಎಂದೂ ಮಿಸ್ತ್ರಿಗೆ ಹೇಳಿ. ಒದ್ದೆ ಬಟ್ಟೆ ಸಾಕು.

ಸಾದಾ ಹಬ್ಬಿಗೆ ಲೇತಿನಲ್ಲಿ ಹಲ್ಲಿನ ಅಡಾಪ್ಟರ್ ಮಾಡಿ ರೋಲರ್ ಬ್ರೇಕ್ ಕೂಡಿಸಿದರೆ ಹೇಗೆ?
— ಓದುಗರು, ಉದ್ಯಮಬಾಗ, ಬೆಳಗಾವಿ

ಹಲ್ಲು ಕತ್ತರಿಸುವುದು ನಿಮ್ಮ ಕಡೆಯ ವರ್ಕ್‌ಶಾಪುಗಳಿಗೆ ದೊಡ್ಡ ಮಾತಲ್ಲ. ಅಡಚಣೆ ಅಡಾಪ್ಟರನ್ನು ಹಬ್ಬಿಗೆ ಹೇಗೆ ಹಿಡಿಸುತ್ತೀರಿ ಎಂಬಲ್ಲಿದೆ. ಸವಾರ, ಸೈಕಲ್, ಸಾಮಾನು ಸೇರಿ 100 ಕೆ.ಜಿ. ಅನ್ನಿ. ವೇಗ ಒಂದೊಂದು ಸೆಕೆಂಡಿಗೂ ‘ಸೆಕೆಂಡಿಗೆ 3 ಮೀಟರ್’ನಷ್ಟು ಇಳಿಯಬೇಕಾದರೆ ಟೈರು ನೆಲಕ್ಕೆ ತಾಗುವಲ್ಲಿ 300 ನ್ಯೂಟನ್ ಬೇಕು. ಒಂದೇ ಗಾಲಿ ಅದನ್ನು ಹೊತ್ತರೆ, 0.35 ಮೀಟರ್ ತ್ರಿಜ್ಯಕ್ಕೆ 105 ನ್ಯೂಟನ್ ಮೀಟರ್ ತಿರುಚು ಆ ಹಲ್ಲುಗಳ ಮೂಲಕವೇ ಹಾಯಬೇಕು. ಅಚ್ಚಿನ ನಟ್ಟಿಗೆ ಹಾಕುವ ಬಿಗಿಯ ಎರಡು ಪಟ್ಟಿಗೂ ಮೇಲಾಯಿತು. ಸಾದಾ ಹಬ್ಬಿನ ತೆಳುವಾದ ತಗಡಿನ ಮೈಗೆ ಒತ್ತಿ ಕೂಡಿಸಿದ ಅಡಾಪ್ಟರ್ ಒಂದು ದಿನ ಸುತ್ತಿಬಿಡುತ್ತದೆ, ಅದೂ ಬ್ರೇಕ್ ಹಿಂಡಿದ ಹೊತ್ತಿನಲ್ಲೇ. ಬೇಡ.

ತೋಳಿನ ಲೆಕ್ಕವೂ ಇಲ್ಲೇ ಇದೆ. ಕ್ಲಿಪ್ ಅಚ್ಚಿನಿಂದ 16 ಸೆಂ.ಮೀ. ದೂರದಲ್ಲಿದ್ದರೆ ಅದರ ಮೇಲೆ ಬೀಳುವ ಭಾರ ಸುಮಾರು 65 ಕೆ.ಜಿ.ಯಷ್ಟು. ಆದ್ದರಿಂದಲೇ ರೋಲರ್ ಬ್ರೇಕಿಗೆಂದು ಮಾಡದ ತೆಳ್ಳನೆ ಮುಂಫೋರ್ಕಿಗೆ ಇದನ್ನು ಕಟ್ಟಬಾರದು, ಫೋರ್ಕಿನ ಎಡಗಾಲು ಬಾಗುತ್ತದೆ. ನಿಮ್ಮ ಕೈಚಳಕ ತೋರಿಸಲೇಬೇಕೆಂದರೆ ಹಿಂದಿನ ಪೈಪಿನ ಅಳತೆಗೆ ಸ್ಟೀಲಿನ ಕ್ಲಿಪ್ ಮಾಡಿಕೊಡಿ, ಕಳೆದುಕೊಂಡವರು ಎಷ್ಟೋ ಜನ ಇದ್ದಾರೆ. ತಗಡಿನ ಪಟ್ಟಿ, ಪ್ಲಾಸ್ಟಿಕ್ ಟೈ ಮಾತ್ರ ಬೇಡ.

ನಮ್ಮ ಹಳೇ 28 ಇಂಚಿನ ಸೈಕಲ್ಲಿಗೆ ಸಳಿ ಬ್ರೇಕ್ ಅದಾವ. ಅವನ್ನ ತಗದು ರೋಲರ್ ಬ್ರೇಕ್ ಹಾಕಸಬೇಕಂತ ಮಗಾ ಹಟಾ ಹಿಡದಾನ.
— ಓದುಗರು, ಸಿಂದಗಿ

ಮಗನ ಹಟಕ್ಕೆ ರಿಮ್ಮೇ ಅಡ್ಡ ಬರುತ್ತದೆ. ನಮ್ಮ 28×1½ ಸೈಕಲ್ಲಿನ ಹಿಂದಿನ ರಿಮ್ಮಿಗೆ ಸಾಮಾನ್ಯವಾಗಿ 40 ತೂತು, ಮುಂದಿನದಕ್ಕೆ 32. ನೆಕ್ಸಸ್ ಹಬ್ಬುಗಳು ಬರುವುದು 32 ಇಲ್ಲವೆ 36 ತೂತಿಗೆ. 8 ಗಿಯರಿನ ಹಬ್ಬಿನ ಅಗಲ 132 ಮಿ.ಮೀ., ಹಳೆಯ ಫ್ರೇಮಿನ ಹಿಂದಿನ ಬಾಯಿ ಅದಕ್ಕಿಂತ ಕಿರಿದು. ಸಳಿಯ ಲಿವರು ಕೇಬಲ್ ಎಳೆಯುವುದಿಲ್ಲ, ಅದನ್ನೂ ಬದಲಿಸಬೇಕು. ಇಷ್ಟೆಲ್ಲ ಮಾಡುವ ಹೊತ್ತಿಗೆ ಹಳೇ ಸೈಕಲ್ಲಿನಲ್ಲಿ ಉಳಿಯುವುದು ಫ್ರೇಮ್ ಮತ್ತು ಸೀಟು.

ಇರುವ ಬ್ರೇಕನ್ನೇ ಚಂದ ಮಾಡಿಸಿ. ರಬ್ಬರ್ ಹಿಡಿಯುವ ಲೋಹದ ಡಬ್ಬಿಗೆ ಒಂದು ತುದಿ ಮುಚ್ಚಿರುತ್ತದೆ. ಆ ಸ್ಥಾನದಲ್ಲಿ ರಿಮ್ ಯಾವ ಕಡೆ ಓಡುತ್ತದೋ ಮುಚ್ಚಿದ ತುದಿ ಆ ಕಡೆಗಿರಬೇಕು. ತಿರುವುಮುರುವಾದರೆ ಬ್ರೇಕ್ ಹಿಡಿದಾಗ ರಿಮ್ಮು ರಬ್ಬರನ್ನು ಡಬ್ಬಿಯಿಂದಲೇ ಎಳೆದು ಬಿಸಾಕುತ್ತದೆ. ರಬ್ಬರಿಗೂ ರಿಮ್ಮಿನ ಒಳಮೈಗೂ 3 ಮಿ.ಮೀ. ಅಂತರ ಸಾಕು. ಸಳಿಗಳ ಕೀಲಿಗೆ ಒಂದೊಂದು ಹನಿ ಎಣ್ಣೆ ಬಿಡಿ, ರಿಮ್ಮಿಗೆ ಸಿಡಿಯದಂತೆ. ರಿಮ್ಮಿನ ಕ್ರೋಮ್ ಎದ್ದು ತುಕ್ಕು ಬಂದಿದ್ದರೆ ಅದು ಅರದ ಹಾಗೆ ರಬ್ಬರ್ ತಿನ್ನುತ್ತದೆ, ಆಗ ರಿಮ್ ಬದಲಿಸುವುದೇ ಅಗ್ಗ. ಮಳೆಯಲ್ಲಿ ಸ್ಟೀಲ್ ರಿಮ್ಮಿನ ಹಿಡಿತ ತೀರಾ ಇಳಿಯುತ್ತದೆ ಎಂಬ ಒಂದು ವಿಷಯದಲ್ಲಿ ಮಾತ್ರ ನಿಮ್ಮ ಮಗನ ಮಾತು ಖರೆ.

ಜಾಂಬೋಟಿ, ಕಣಕುಂಬಿ ಹಾದು ಚೋರ್ಲಾ ಘಾಟ್ ಇಳಿಯಬೇಕೆಂದಿದ್ದೇವೆ. ಒಂದು ಸೈಕಲ್ಲಿಗೆ ಎರಡೂ ಗಾಲಿಗೆ ರೋಲರ್ ಬ್ರೇಕ್ ಇದೆ. ನಡೆಯುತ್ತದೆಯೇ?
— ಓದುಗರು, ಶಹಾಪುರ, ಬೆಳಗಾವಿ

ನಮ್ಮನ್ನು ಕೇಳಿದರೆ ಘಾಟಿಗೆ ಬೇರೆ ಸೈಕಲ್ ಒಯ್ಯಿರಿ. ರೋಲರ್ ಬ್ರೇಕ್ ಊರೊಳಗಿನ ಸಪಾಟು ರಸ್ತೆಗೆ ಬಲು ಚಲೋ. ಉದ್ದನೆಯ ಇಳಿಜಾರಿನಲ್ಲಿ ಎಡೆಬಿಡದೆ ಹಿಡಿದರೆ ಬಿಸಿ ಹೊರಹೋಗಲು ಹೊತ್ತು ಸಾಲದೆ ಡ್ರಮ್ ಕಾಯುತ್ತದೆ, ಹಿಡಿತ ಇಳಿಯುತ್ತದೆ, ಗ್ರೀಸೂ ಖರ್ಚಾಗುತ್ತದೆ. ಹೊರಗೆ ಕಾಣುವ ತಟ್ಟೆಯಂಥ ಕೂಲಿಂಗ್ ಡಿಸ್ಕ್ ಇರುವುದೇ ಆ ಬಿಸಿಗೆ, ಆದರೆ ಅದಕ್ಕೂ ಮಿತಿ ಉಂಟು.

ಹೋಗಲೇಬೇಕೆಂದರೆ ವೇಗ ಏರುವ ಮೊದಲೇ ಜೋರಾಗಿ ಹಿಡಿದು ಪೂರ್ತಿ ಬಿಡಿ, ಮುಂದಿನದು ಹಿಂದಿನದು ಪಾಳಿಯಂತೆ. ಸದಾ ಮೆತ್ತಗೆ ಒತ್ತಿಕೊಂಡು ಇಳಿಯುವುದೇ ಎಲ್ಲಕ್ಕಿಂತ ಕೆಟ್ಟದ್ದು. ಸುಟ್ಟ ವಾಸನೆ ಬಂದರೆ, ಇಲ್ಲವೆ ಲಿವರ್ ಮೊದಲಿಗಿಂತ ಹೆಚ್ಚು ಹಿಂಡಬೇಕಾದರೆ ನಿಂತುಬಿಡಿ. ನಿಂತ ಮೇಲೆ ಕನಿಷ್ಠ ಅರ್ಧ ಗಂಟೆ ಬ್ರೇಕನ್ನು ಬರಿಗೈಯಿಂದ ಮುಟ್ಟಬೇಡಿ. ಅದರ ಮೇಲೆ ಬಾಟಲಿ ನೀರು ಸುರಿಯುವುದೂ ಬೇಡ.

ಪಂಕ್ಚರ್ ಆದ್ರ ಈ ಬ್ರೇಕ್ ಎಲ್ಲಾ ಬಿಚ್ಚಬೇಕೇನ್ರಿ?
— ಓದುಗರು, ಮುಧೋಳ

ಬೇಕಾಗಿಲ್ಲ. ನಮ್ಮ ಪಂಕ್ಚರ್ ಅಂಗಡಿಯವರು ಮಾಡುವ ಹಾಗೆ ಗಾಲಿ ಜಾಗದಲ್ಲೇ ಇರಲಿ, ಟೈರಿನ ಒಂದು ಅಂಚು ಎತ್ತಿ ಟ್ಯೂಬ್ ಹೊರಗೆಳೆದು ಪ್ಯಾಚ್ ಹಾಕಿಸಿ. ಟೈರೇ ಬದಲಿಸಬೇಕಾದರೆ ಮಾತ್ರ ಮೊದಲು ಬ್ರೇಕ್ ಕೇಬಲ್ಲಿನ ತುದಿಯನ್ನು ಕೊಂಡಿಯಿಂದ ಕಳಚಿ, ಗಿಯರ್ ಕೇಬಲ್ ಬಿಡಿಸಿ, ಕ್ಲಿಪ್ಪಿನ ಬೋಲ್ಟ್ ತೆಗೆದು, ಕೊನೆಗೆ ಅಚ್ಚಿನ ನಟ್ಟು ಸಡಿಲಿಸಿ. ಬ್ರೇಕ್ ಗಾಲಿಯ ಜೊತೆಗೇ ಹೊರಬರುತ್ತದೆ. ಅಚ್ಚಿನ ವಾಶರುಗಳು ಎಡ ಬಲ ಬೇರೆ ಬೇರೆ ಇರುತ್ತವೆ, ತೆಗೆದ ಕ್ರಮದಲ್ಲೇ ಒಂದು ತಂತಿಗೆ ಪೋಣಿಸಿಡಿ. ತಿರುಗಿ ಹಾಕಿದ ಮೇಲೆ ಕ್ಲಿಪ್ಪಿನ ಬೋಲ್ಟ್ ಬಿಗಿದಿದೆಯೇ ಎಂದು ಅಂಗಡಿಯವನ ಮಾತು ನಂಬದೆ ನೀವೇ ಮುಟ್ಟಿ ನೋಡಿ. ಅದು ಇಲ್ಲದೆ ಬ್ರೇಕ್ ಹಿಂಡಿದರೆ ತೋಳು ಗಾಲಿಯ ಜೊತೆ ಸುತ್ತಿ ಕೇಬಲ್ ಕಿತ್ತು ಕಡ್ಡಿಗಳಿಗೆ ಸಿಕ್ಕಿಕೊಳ್ಳುತ್ತದೆ.