ಹುಟ್ಟಿ ಬೆಳೆದ ಮನೆಯನ್ನು ಕೆಡವುವ ಮೊದಲು ಒಮ್ಮೆ ಹೋಗಿ ನೋಡಬೇಕಾ?

ನೀವು ಬೆಳೆದ ಮನೆಯನ್ನು ಮುಂದಿನ ತಿಂಗಳು ಕೆಡವುತ್ತಾರೆ, ಒಮ್ಮೆ ಹೋಗಿ ನೋಡಲಾ, ಇಲ್ಲಾ ನೆನಪಿನಲ್ಲಿ ಇರುವ ಹಾಗೆಯೇ ಬಿಟ್ಟುಬಿಡಲಾ ಎಂದು ಕೇಳಿದ್ದೀರಿ. ಹೋಗಿ. ಆದರೆ ಒಬ್ಬರೇ ಹೋಗಬೇಡಿ. ನಿಮಗಿಂತ ಮೊದಲು ಆ ಮನೆಯಲ್ಲಿ ಬಾಳಿದವರು ಯಾರಾದರೂ ಇದ್ದರೆ ಅವರನ್ನು ಕರೆದುಕೊಂಡು ಹೋಗಿ. ನಾನು ಎರಡು ಸಲ ಹೋಗಿದ್ದೆ. ಒಂದು ಸಲ ಒಬ್ಬನೇ, ಇನ್ನೊಂದು ಸಲ ಆಯಿಯ ಜೊತೆ. ನಮ್ಮ ಕಡೆ ಅಜ್ಜಿಗೆ ಆಯಿ ಅಂತೀವಿ, ಅಜ್ಜನಿಗೆ ಮುತ್ಯಾ.

ನಮ್ಮ ಮನೆ ಇದ್ದದ್ದು ಹಳೇ ಬಾಗಲಕೋಟೆಯಲ್ಲಿ, ಹೊಳೆ ಕಡೆಗಿನ ಒಂದು ಓಣಿಯಲ್ಲಿ. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಿದರೆ ನಿಮ್ಮೂರು ಯಾಕೆ ಮುಳುಗುತ್ತದೆ ಎಂದು ಹೊರಗಿನವರು ಕೇಳುತ್ತಾರೆ. ನಮ್ಮ ಹೊಳೆ ಘಟಪ್ರಭಾ. ಅದು ಅಣೆಕಟ್ಟಿಗಿಂತ ಮೇಲೆ, ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಕೃಷ್ಣೆಯಲ್ಲಿ ನೀರು ನಿಂತರೆ ಘಟಪ್ರಭೆಯೂ ಹಿಂದಕ್ಕೆ ಏರುತ್ತದೆ. ಆಲಮಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ್ದು 1964ರಲ್ಲಿ. ಅಲ್ಲಿಂದ ಮೂವತ್ತಕ್ಕೂ ಜಾಸ್ತಿ ವರ್ಷ ನಮ್ಮ ಓಣಿಯವರು ‘ಇವತ್ತಲ್ಲ ನಾಳೆ ಮುಳುಗೋ ಊರು’ ಅನ್ನುತ್ತಲೇ ಮದುವೆ ಮಾಡಿದರು, ಮಕ್ಕಳನ್ನು ಹೆತ್ತರು, ಬಿರುಕು ಬಿಟ್ಟ ಗೋಡೆಗೆ ಮಣ್ಣು ಮೆತ್ತಿಕೊಂಡು ದಿನ ದೂಡಿದರು. ಹೊಸ ಮನೆ ಕಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಅಣೆಕಟ್ಟಿನ ಎತ್ತರ ಸಮುದ್ರಮಟ್ಟದಿಂದ 519.6 ಮೀಟರ್‌ವರೆಗೆ ಹೋಗಬಹುದು ಎಂದು ಸುಪ್ರೀಂ ಕೋರ್ಟ್ 2000ದ ಏಪ್ರಿಲ್‌ನಲ್ಲಿ ಹೇಳಿತು. ಅಲ್ಲಿಗೆ ನಮ್ಮ ಮನೆಯ ಮಾತೂ ಮುಗಿಯಿತು. ಅಷ್ಟರಲ್ಲಿ ನಮ್ಮವರು ಮುಳುಗಡೆಯವರಿಗೆ ಅಂತ ಕಟ್ಟಿದ ನವನಗರಕ್ಕೆ ಹೋಗಿದ್ದರು. ಓಣಿಯ ಹೆಸರು ಹೋಗಿ ಸೆಕ್ಟರ್ ನಂಬರ್ ಬಂತು.

ನಾನು ಆಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದೆ. ಹಳೇ ಮನೆ ಕೆಡವುತ್ತಾರೆ ಎಂಬ ಸುದ್ದಿ ಕೇಳಿ ರಾತ್ರಿ ಬಸ್ಸಿಗೆ ಬಂದು, ಕ್ಯಾಮೆರಾ ಹಿಡಿದುಕೊಂಡು ಒಬ್ಬನೇ ಹೋದೆ. ಮೂವತ್ತಾರು ಫೋಟೋದ ರೀಲು ಅರ್ಧ ಗಂಟೆಯಲ್ಲಿ ಮುಗಿಯಿತು. ಆಮೇಲೆ ಏನು ಮಾಡಬೇಕು ಎಂದು ತಿಳಿಯಲಿಲ್ಲ. ಖಾಲಿ ಪಡಸಾಲೆಯಲ್ಲಿ ಸುಮ್ನೆ ನಿಂತು ವಾಪಸ್ ಬಂದೆ. ಆ ಫೋಟೋಗಳು ಇನ್ನೂ ಇವೆ. ಯಾವ ಗೋಡೆ ಯಾವ ಕೋಣೆಯದು ಎಂದು ಈಗ ನನಗೇ ಗೊತ್ತಾಗುವುದಿಲ್ಲ.

ಮರುದಿನ ಆಯಿಯನ್ನು ಕರೆದೆ. ‘ಹೆಣ ನೋಡಾಕ ಕರೀತಿಯೇನೋ?’ ಅಂದಳು. ನಾನು ಮತ್ತೆ ಕೇಳಲಿಲ್ಲ. ಸಂಜೆ ಅವಳೇ ಸೆರಗು ಹೊದ್ದುಕೊಂಡು ಬಂದು ‘ನಡಿ’ ಅಂದಳು. ಕೈಯಲ್ಲಿ ಕಸಬರಿಗೆ ಇತ್ತು.

ಮನೆಗೆ ಹೋದವಳೇ ಗುಡಿಸಲು ಶುರು ಮಾಡಿದಳು. ಅಡುಗೆಮನೆ, ದೇವರ ಕೋಣೆ, ಪಡಸಾಲೆ, ಹೊರಗಿನ ಕಟ್ಟೆ, ಎಲ್ಲಾ. ನಾಡಿದ್ದು ಕೆಡವುವ ಮನೆಗೆ ಯಾಕೆ ಆಯಿ ಅಂದೆ. ‘ಕೆಡವಾಕ ಬರೋರು ಬ್ಯಾರೆ ಮಂದಿ. ಎಂಥಾ ಹೆಂಗಸು ಇದ್ಲೋ ಈ ಮನ್ಯಾಗ ಅಂತಾರ’ ಅಂದಳು. ನಾನೂ ಇನ್ನೊಂದು ಮೂಲೆಯಿಂದ ಕಸ ಬಳಿಯಲು ಕುಳಿತೆ.

ಕೆಲಸ ಮಾಡುತ್ತಾ ಮಾಡುತ್ತಾ ಅವಳ ಬಾಯಿ ಬಿಚ್ಚಿತು. ಗೋಡೆಯಲ್ಲಿನ ಗೂಡುಗಳನ್ನು ನಾನು ಹಿಂದಿನ ದಿನ ಫೋಟೋ ತೆಗೆದಿದ್ದೆ. ಯಾವುದು ಏತಕ್ಕೆ ಎಂದು ಗೊತ್ತಿರಲಿಲ್ಲ. ಬಾಗಿಲ ಪಕ್ಕದ್ದು ಚಿಮಣಿ ಬುಡ್ಡಿಗೆ, ಅದಕ್ಕೇ ಅದರ ಮೇಲ್ಭಾಗ ಕಪ್ಪು. ಒಲೆಯ ಹತ್ತಿರದ ಚಿಕ್ಕದು ಉಪ್ಪಿಗೆ. ಅತ್ತೆಯ ಕಣ್ಣಿಗೆ ಬೀಳದ ಹಾಗೆ ಆಯಿ ರೊಕ್ಕ ಮುಚ್ಚಿಡುತ್ತಿದ್ದದ್ದು ಬಚ್ಚಲ ಗೋಡೆಯ ಗೂಡಿನಲ್ಲಿ. ನಡುವಿನ ಕಂಬದ ಮೇಲೆ ಒಂದು ಎಣ್ಣೆಯ ಕಲೆ ಇತ್ತು. ಅದು ಮುತ್ಯಾನ ಬೆನ್ನಿನ ಗುರುತು. ಹೊಲದಿಂದ ಬಂದು ಅಲ್ಲೇ ಒರಗಿ ಕೂರುತ್ತಿದ್ದರಂತೆ. ನಾನು ಹುಟ್ಟುವ ಮೊದಲೇ ಅವರು ತೀರಿಕೊಂಡಿದ್ದರು. ಅವರ ಎತ್ತರ ಎಷ್ಟಿತ್ತು ಅನ್ನುವುದು ನನಗೆ ಗೊತ್ತಾಗಿದ್ದು ಆ ಕಲೆಯಿಂದ.

ಆಮೇಲೆ ಪಡಸಾಲೆಯ ಮೂಲೆಯಲ್ಲಿ ಒಂದು ಪರಸಿಕಲ್ಲಿನ ಮೇಲೆ ಕಾಲಿಟ್ಟು ‘ಇಲ್ಲಿ ಬಡಿ’ ಅಂದಳು. ಬಡಿದೆ. ಟೊಳ್ಳು ಸದ್ದು ಬಂತು. ಅದು ಹಗೇವು, ಜೋಳ ತುಂಬಿಡುವ ನೆಲದ ಕಣಜ. ಕಲ್ಲು ತೆಗೆದ ಕೂಡಲೇ ಒಳಗೆ ಇಳಿಯಬಾರದಂತೆ, ಕೆಟ್ಟ ಗಾಳಿಗೆ ಉಸಿರು ಕಟ್ಟುತ್ತದೆ. ಸ್ವಲ್ಪ ಹೊತ್ತು ಹಾಗೇ ಬಿಟ್ಟು ಗಾಳಿಯಾಡಿದ ಮೇಲೆ ಇಳಿಯಬೇಕು. ‘ಎಪ್ಪತ್ತೆರಡರ ಬರದಾಗ ಕಡೀ ಸಲ ತಗದಿದ್ವಿ. ಓಣಿ ಮಂದಿಗೆ ಸೇರು ಸೇರು ಅಳದು ಕೊಟ್ಟ ನಿಮ್ಮ ಮುತ್ಯಾ’ ಅಂದಳು. ಆ ಕಲ್ಲಿನ ಮೇಲೆ ನಾನು ಎಷ್ಟು ವರ್ಷ ಗೋಲಿ ಆಡಿದ್ದೆ! ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅವತ್ತು ಆಯಿ ಬರದೇ ಇದ್ದಿದ್ದರೆ ಅದು ನೀರಿನ ಕೆಳಗೆ ಹೋಗಿಬಿಡುತ್ತಿತ್ತು ಅಲ್ವಾ? ಇಷ್ಟು ವರ್ಷವಾದರೂ ಇದನ್ನು ನೆನೆದರೆ ಎದೆ ಝಲ್ಲೆನ್ನುತ್ತದೆ.

ಅದಕ್ಕೇ ಹೇಳುತ್ತಿದ್ದೇನೆ, ಹಿರಿಯರನ್ನು ಕರೆದುಕೊಂಡು ಹೋಗಿ. ಕುರ್ಚಿ ಹಾಕಿ ಕೂರಿಸಿ ‘ಹಳೇದು ಹೇಳಿ’ ಎಂದರೆ ಅವರಿಗೆ ಏನೂ ನೆನಪಾಗುವುದಿಲ್ಲ. ಗುಡಿಸಲಿ, ಬಾಗಿಲು ತೆರೆದು ಮುಚ್ಚಲಿ, ಒಲೆಯ ಮುಂದೆ ಕೂರಲಿ. ಕೈಗೆ ಕೆಲಸ ಸಿಕ್ಕರೆ ಮಾತು ತಾನಾಗಿ ಬರುತ್ತದೆ. ಈಗ ನಿಮ್ಮ ಕೈಯಲ್ಲಿ ಮೊಬೈಲ್ ಇದೆ. ರೆಕಾರ್ಡಿಂಗ್ ಹಾಕಿ ಜೇಬಿನಲ್ಲಿಟ್ಟುಕೊಳ್ಳಿ. ನನ್ನ ಹತ್ತಿರ ಆಯಿಯ ದನಿ ಇಲ್ಲ. ಆ ಕೊರಗು ಇನ್ನೂ ಹೋಗಿಲ್ಲ.

ಒಂದು ಎಚ್ಚರ. ನಿಮ್ಮದೂ ಮಣ್ಣಿನ ಮನೆಯಾಗಿದ್ದರೆ ಮಾಳಿಗೆ, ಅಂದರೆ ಮಣ್ಣಿನ ಚಾವಣಿ, ಹತ್ತಬೇಡಿ. ನಮ್ಮ ಕಡೆ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಕರ್ಲ ಮಣ್ಣು ಹಾಕುತ್ತಾರೆ, ಸೋರಬಾರದು ಅಂತ. ಜನ ಬಿಟ್ಟ ಮನೆಗೆ ಯಾರು ಹಾಕುತ್ತಾರೆ? ಒಂದೆರಡು ಮಳೆಗಾಲ ಕಳೆದರೆ ಜಂತಿ ಕೊಳೆತು ಕಾಲಿಟ್ಟಲ್ಲಿ ಕುಸಿಯುತ್ತದೆ. ಚೇಳು ಇರುತ್ತವೆ, ಚಪ್ಪಲಿ ಬಿಚ್ಚಬೇಡಿ. ಆಯಿ ಮಾತ್ರ ಹೊಸ್ತಿಲ ಹೊರಗೇ ಬಿಚ್ಚಿದಳು. ಎಷ್ಟು ಹೇಳಿದರೂ ಕೇಳಲಿಲ್ಲ.

ಕೆಡವಿದ ದಿನ ಅವಳು ಬರಲಿಲ್ಲ. ಕಾಕಾ ಮತ್ತು ನಾನು ನಿಂತು ಬೇವಿನ ತೊಲೆಗಳನ್ನು, ಕಂಬಗಳನ್ನು, ತಲಬಾಗಿಲನ್ನು ಇಳಿಸಿಕೊಂಡೆವು. ಆ ದಿನದ ಬಗ್ಗೆ ಹೇಳಲು ಜಾಸ್ತಿ ಇಲ್ಲ, ಬರೀ ಧೂಳು. ತಲಬಾಗಿಲು ಈಗ ನವನಗರದ ಮನೆಯ ದೇವರ ಕೋಣೆಗೆ ಇದೆ. ಹೊಸ ಮನೆಯ ಮುಂಬಾಗಿಲಿಗೆ ಅದು ತೀರಾ ಗಿಡ್ಡವಾಯಿತು.

ಈಗ ಆಲಮಟ್ಟಿಯನ್ನು 524.256 ಮೀಟರ್‌ಗೆ ಏರಿಸುವ ಮಾತು ನಡೆದಿದೆ. ನಮ್ಮ ಭಾಗದಲ್ಲೇ ಇನ್ನೂ ಎಷ್ಟೋ ಮನೆಯವರು ನಿಮ್ಮ ಹಾಗೆಯೇ ಯೋಚಿಸುತ್ತಿರಬಹುದು. ಅವರಿಗೂ ನಾನು ಹೇಳುವುದು ಇದೇ.

ಇನ್ನೊಂದು ಮಾತು, ನಕ್ಷೆ ಬರೆದುಕೊಳ್ಳಿ. ಅವತ್ತು ಆಯಿ ನಡೆಯುತ್ತಾ ಹೆಜ್ಜೆ ಎಣಿಸಿದಳು, ನಾನು ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದುಕೊಂಡೆ. ತಲಬಾಗಿಲಿಂದ ಕಂಬಕ್ಕೆ ಏಳು ಹೆಜ್ಜೆ, ಕಂಬದಿಂದ ಒಲೆಗೆ ಒಂಬತ್ತು. ಆಯಿ ಹೋಗಿ ಈಗ ಬಹಳ ವರ್ಷ ಆಯಿತು. ಹೋದ ದೀಪಾವಳಿಗೆ ಮಕ್ಕಳೆಲ್ಲಾ ಸೇರಿದ್ದಾಗ ಆ ಹಾಳೆ ತೆಗೆದು, ನವನಗರದ ಮನೆಯ ತಾರಸಿ ಮೇಲೆ ಸುಣ್ಣದಲ್ಲಿ ಹಳೇ ಮನೆ ಬರೆದೆವು. ನನ್ನ ಹೆಜ್ಜೆಯಲ್ಲಿ ಅಳೆದರೆ ಒಲೆ ತಾರಸಿಯ ಆಚೆ ಹೋಗುತ್ತಿತ್ತು. ಆಯಿ ಬಹಳ ಗಿಡ್ಡ ಇದ್ದಳು. ಕೊನೆಗೆ ತಂಗಿಯ ಮಗಳನ್ನು ನಡೆಸಿದೆವು, ಅವಳಿಗೆ ಹತ್ತು ವರ್ಷ. ಅವಳ ಹೆಜ್ಜೆಗೆ ಮನೆ ಸರಿಯಾಗಿ ಹಿಡಿಸಿತು. ಹಗೇವಿನ ಜಾಗಕ್ಕೆ ಒಂದು ಗುಂಡಗಿನ ಗೆರೆ ಹಾಕಿದೆವು. ಮಕ್ಕಳು ಅದರೊಳಗೆ ಕೂತು ಫಳಾರ ತಿಂದರು.

ನೀವು ಹೋಗುವಾಗ ಅಳತೆಯ ಟೇಪನ್ನೂ ಒಯ್ಯಿರಿ. ಹೆಜ್ಜೆ ಎಣಿಸಿದವರ ಹೆಸರನ್ನು ಹಾಳೆಯ ಮೇಲೆ ಬರೆದಿಡಿ.