ಎಂಟು ಪೋರ್ಟಿನ ಪಿಸಿಐ ಸೀರಿಯಲ್ ಕಾರ್ಡಿನಲ್ಲಿ ಎರಡೇ ಪೋರ್ಟು ಕಾಣುತ್ತಿವೆ. ಉಳಿದವಕ್ಕೆ, ಸೀರಿಯಲ್ ಪೋರ್ಟಿನ ವಿವರವನ್ನು ಲಿನಕ್ಸಿಗೆ ತಿಳಿಸುವ ಆಜ್ಞೆಯಾದ ಸೆಟ್‌ಸೀರಿಯಲ್‌ನಲ್ಲಿ ಯಾವ ವಿಳಾಸ ಬರೆಯಬೇಕು?

ಯಾವ ವಿಳಾಸವನ್ನೂ ಬರೆಯಬೇಡಿ. ಬದಿಯಡ್ಕ ಸಮೀಪದ ಒಂದು ಅಡಿಕೆ ಖರೀದಿ ಕೇಂದ್ರದಲ್ಲಿ ಐದು ತೂಕದ ಯಂತ್ರಗಳನ್ನೂ ಮೂರು ರಸೀದಿ ಪ್ರಿಂಟರುಗಳನ್ನೂ ಒಂದೇ ಲಿನಕ್ಸ್ ಕಂಪ್ಯೂಟರಿಗೆ ಜೋಡಿಸುವಾಗ ನನಗೂ ಎಂಟರಲ್ಲಿ ಎರಡೇ ಪೋರ್ಟು ಕಂಡಿದ್ದವು.

ಅನೇಕ ಲಿನಕ್ಸ್ ವಿತರಣೆಗಳಲ್ಲಿ ಸೀರಿಯಲ್ ಪೋರ್ಟುಗಳನ್ನು ನಡೆಸುವ 8250 ಡ್ರೈವರ್ ನಾಲ್ಕೇ ಪೋರ್ಟುಗಳಿಗೆ ಜಾಗ ಇಟ್ಟುಕೊಂಡಿರುತ್ತದೆ. ಎರಡನ್ನು ಮದರ್‌ಬೋರ್ಡ್ ಹಿಡಿದರೆ ಕಾರ್ಡಿಗೆ ಉಳಿಯುವುದು ಎರಡು. ಲಿನಕ್ಸಿನ ತಿರುಳಾದ ಕರ್ನಲ್‌ನ ಬೂಟ್ ಸಾಲಿನಲ್ಲಿ 8250ರ ಎನ್‌ಆರ್-ಯುಆರ್ಟ್ಸ್ ಮೌಲ್ಯವನ್ನು 16ಕ್ಕೆ ಏರಿಸಿ (8250.nr_uarts=16), ಬೂಟ್ ಲೋಡರಾದ ಗ್ರಬ್ ನವೀಕರಿಸಿ, ಮರಳಿ ಬೂಟ್ ಮಾಡಿದರೆ ಸಾಕು.

ನಾನು ಅಷ್ಟಕ್ಕೇ ನಿಲ್ಲಲಿಲ್ಲ. ಅದೇ ಸಂಜೆ, ಪಿಸಿಐಗೂ ಹಿಂದಿನ ಐಎಸ್ಎ ಕಾರ್ಡುಗಳ ಕಾಲದ ಕೈಪಿಡಿಯೊಂದರ ರೀತಿಯಲ್ಲೇ, ಕಾಣದಿದ್ದ ಆರು ಪೋರ್ಟುಗಳಿಗೆ ಆಗ ಇದ್ದ ವಿಳಾಸಗಳನ್ನೂ 16550ಎ ಎಂಬ ಚಿಪ್ಪಿನ ಹೆಸರನ್ನೂ ಆರಂಭದ ಸ್ಕ್ರಿಪ್ಟಿನಲ್ಲಿ ಸೆಟ್‌ಸೀರಿಯಲ್ ಸಾಲುಗಳಾಗಿ ಬರೆದೆ. ಬೆಳಿಗ್ಗೆ ಎಂಟೂ ನಡೆದವು. ಕೆಲಸ ಮಾಡಿದ್ದು ಬೂಟ್ ಸಾಲು. ಶ್ರೇಯಸ್ಸನ್ನು ನಾನು ಕೊಟ್ಟದ್ದು ಸ್ಕ್ರಿಪ್ಟಿಗೆ.

ಮುಂದಿನ ಮಳೆಗಾಲದಲ್ಲಿ ಸಿಡಿಲಿಗೆ ಮದರ್‌ಬೋರ್ಡಿನ ನೆಟ್‌ವರ್ಕ್ ಪೋರ್ಟು ಸುಟ್ಟುಹೋದುದರಿಂದ ಹೊಸ ನೆಟ್‌ವರ್ಕ್ ಕಾರ್ಡೊಂದನ್ನು ಹಾಕಿದೆ. ಮೊದಲ ಎರಡು ಪೋರ್ಟುಗಳು ಸರಿಯಾಗಿದ್ದವು, ಉಳಿದ ಆರು ಸತ್ತಂತಿದ್ದವು. ಸೀರಿಯಲ್ ಕಾರ್ಡೂ ಅರ್ಧ ಸುಟ್ಟಿದೆಯೆಂದು ತೀರ್ಮಾನಿಸಿ ಅದೇ ಮಾದರಿಯ ಇನ್ನೊಂದನ್ನು ತರಿಸಿದೆ, ಫಲ ಅದೇ. ಅಂಗಳದಲ್ಲಿ ಚಾಲಿ ಅಡಿಕೆಯ ಗೋಣಿಗಳೊಡನೆ ಕೃಷಿಕರು ಕಾಯುತ್ತಿದ್ದರು, ನಾನು ಕೇಬಲ್ ಬದಲಿಸುತ್ತಿದ್ದೆ.

ನಡೆದದ್ದು ಇಷ್ಟು. ಐಎಸ್ಎ ಕಾರ್ಡಿನ ವಿಳಾಸ ಅದರ ಮೇಲೆ ಕೈಯಿಂದ ಹಾಕುವ ಜಂಪರಿನಿಂದ ನಿಗದಿಯಾಗುತ್ತಿತ್ತು, ತಾನಾಗಿ ಕದಲುತ್ತಿರಲಿಲ್ಲ. ಪಿಸಿಐ ಕಾರ್ಡಿಗೆ ವಿಳಾಸ ಹಂಚುವುದು ಬಯಾಸ್. ಹೊಸ ನೆಟ್‌ವರ್ಕ್ ಕಾರ್ಡು ಬಂದಾಗ ಬಯಾಸ್ ಹಂಚಿಕೆಯನ್ನೇ ಬದಲಿಸಿತ್ತು. ಕರ್ನಲ್ ಹೊಸ ವಿಳಾಸಗಳನ್ನು ಸರಿಯಾಗಿಯೇ ಹಿಡಿದಿತ್ತು. ಅನಂತರ ಓಡಿದ ನನ್ನ ಸ್ಕ್ರಿಪ್ಟು ಅವುಗಳ ಮೇಲೆ ಹಳೆಯವನ್ನು ಬರೆದಿತ್ತು. ಸೆಟ್‌ಸೀರಿಯಲ್ ಹಾರ್ಡ್‌ವೇರನ್ನು ಬದಲಿಸುವುದಿಲ್ಲ, ಪೋರ್ಟು ಎಲ್ಲಿದೆಯೆಂದು ಕರ್ನಲ್‌ಗೆ ತಿಳಿಸುತ್ತದೆ. ಚಿಪ್ಪಿನ ಹೆಸರನ್ನೂ ನಾವೇ ಹೇಳಿಬಿಟ್ಟರೆ ಕರ್ನಲ್ ಹುಡುಕಿ ನೋಡುವ ಗೋಜಿಗೂ ಹೋಗುವುದಿಲ್ಲ. ಹಾಗಾಗಿ ಅದೇ ಆಜ್ಞೆಯಿಂದ ಸ್ಥಿತಿ ಕೇಳಿದಾಗ 16550ಎ ಎಂದು ಬಂದ ಉತ್ತರವು ನನ್ನ ಮಾತಿನ ಪ್ರತಿಧ್ವನಿ ಮಾತ್ರವಾಗಿತ್ತು, ನಾನು ಅದನ್ನು ಸಾಕ್ಷಿಯೆಂದು ನಂಬಿದೆ. ಕರ್ನಲ್ ಸಂದೇಶಗಳನ್ನು ತೋರಿಸುವ ಡಿಮೆಸೇಜ್‌ (dmesg) ಆಜ್ಞೆಯಲ್ಲಿ ‘ಎಲ್‌ಎಸ್‌ಆರ್ ಸೇಫ್ಟಿ ಚೆಕ್ ಎಂಗೇಜ್ಡ್’ ಎಂದು ಬರುತ್ತಲೇ ಇತ್ತು. ಆ ವಿಳಾಸದಲ್ಲಿ ಚಿಪ್ಪೇ ಇಲ್ಲ ಎಂಬುದರ ಸೂಚನೆ ಅದು. ಪಿಸಿಐ ಕಾರ್ಡುಗಳ ಪಟ್ಟಿ ಕೊಡುವ ಎಲ್‌ಎಸ್‌ಪಿಸಿಐ ಆಜ್ಞೆ ತೋರಿಸುವ ವಿಳಾಸದೊಡನೆ ಒಮ್ಮೆ ಹೋಲಿಸಿದ್ದರೆ ಎರಡು ದಿನವೂ ಒಂದು ಕಾರ್ಡಿನ ಬೆಲೆಯೂ ಉಳಿಯುತ್ತಿದ್ದವು.

ಪ್ರತಿ ಪೋರ್ಟಿಗೂ ಬೇರೆ ಐಆರ್‌ಕ್ಯೂ (ಸಾಧನವು ಪ್ರೊಸೆಸರನ್ನು ಕರೆಯುವ ಸಂಕೇತದ ಸಂಖ್ಯೆ) ಹುಡುಕುವ ಯೋಚನೆಯಿದ್ದರೆ ಅದನ್ನೂ ಬಿಡಿ. ಪಿಸಿಐಯಲ್ಲಿ ಎಂಟೂ ಒಂದೇ ಐಆರ್‌ಕ್ಯೂ ಹಂಚಿಕೊಳ್ಳುವುದು ಸಹಜ. ಆರಂಭದ ಸ್ಕ್ರಿಪ್ಟಿನಲ್ಲಿ ಈಗಾಗಲೇ ಸೆಟ್‌ಸೀರಿಯಲ್ ಸಾಲುಗಳಿದ್ದರೆ ಅವನ್ನು ಅಳಿಸಿಯೇ ಮರಳಿ ಬೂಟ್ ಮಾಡಿ, ಇಲ್ಲವಾದರೆ ಯಾವುದರಿಂದ ಸರಿಹೋಯಿತೆಂದು ನಿಮಗೂ ತಿಳಿಯದು.