ಬಹ್ರೇನಿಗೆ ಬರುತ್ತಿರುವ ತಂಗಿಗೆ: ಇಲ್ಲಿ ಯಾರು, ಎಷ್ಟು ಜನ

ತಂಗಿ, ನಿನ್ನ ಪ್ರಶ್ನೆ ಓದಿದೆ. ಗಂಡನಿಗೆ ಬಹ್ರೇನಿನ ರಾಜಧಾನಿ ಮನಾಮಾದಲ್ಲಿ ಕೆಲಸ ಸಿಕ್ಕಿದೆ, ಬರುವ ತಿಂಗಳು ಐದು ವರ್ಷದ ಮಗಳನ್ನು ಕರೆದುಕೊಂಡು ಉಡುಪಿಯಿಂದ ಹೊರಡುತ್ತಿದ್ದೀಯ. "ಅಲ್ಲಿ ಎಲ್ಲಾ ಕಡೆ ನಮ್ಮವರೇ ಅಂತಾರೆ, ಆ ದೇಶದವರು ಕಣ್ಣಿಗೇ ಬೀಳಲ್ವಂತೆ, ನಿಜಾನಾ ಅಕ್ಕ?" ಅಂತ ಕೇಳಿದ್ದೀಯ. ಅರ್ಧ ನಿಜ. ನಾನು ಬಂದು 22 ವರ್ಷವಾಯಿತು, ಕಂಡದ್ದನ್ನು ಹೇಳುತ್ತೇನೆ.

ದೇಶ ತುಂಬಾ ಚಿಕ್ಕದು. ಸುಮಾರು 780 ಚದರ ಕಿಲೋಮೀಟರ್, ನಮ್ಮ ಉಡುಪಿ ಜಿಲ್ಲೆಯ ಐದರಲ್ಲಿ ಒಂದು ಪಾಲು. ಅಷ್ಟರಲ್ಲಿ 15 ಲಕ್ಷ ಜನ. 2020ರ ಜನಗಣತಿಯ ಲೆಕ್ಕ ಸರಿಯಾಗಿ ಹೇಳಬೇಕೆಂದರೆ 15,01,635. ಅದರಲ್ಲಿ ಬಹ್ರೇನಿಗಳು 7,12,362. ಉಳಿದವರೆಲ್ಲ ನಮ್ಮ ಹಾಗೆ ಹೊರಗಿನಿಂದ ಬಂದವರು. ನೂರಕ್ಕೆ 47 ಮನೆಯವರು, 53 ಬಂದವರು ಅಂದುಕೋ.

ನಿನಗೆ ಯಾರೋ ದುಬೈ ವಿಷಯ ಹೇಳಿರಬೇಕು. ಎಮಿರೇಟ್ಸ್, ಕತಾರ್ ಕಡೆ ಹತ್ತು ಜನರಲ್ಲಿ ಒಬ್ಬರು ಅಲ್ಲಿಯ ಪ್ರಜೆ ಸಿಕ್ಕಿದರೆ ಹೆಚ್ಚು. ಇಲ್ಲಿ ಹಾಗಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಕೂತ ಹುಡುಗಿ ಬಹ್ರೇನಿ. ಟ್ಯಾಕ್ಸಿ ಓಡಿಸುವವರು ಬಹ್ರೇನಿ. ಕಷ್ಟಪಟ್ಟು ದುಡಿಯುವ, ತಿಂಗಳ ಕೊನೆಗೆ ಲೆಕ್ಕ ಹಾಕುವ ಸಾಮಾನ್ಯ ಜನ ಅವರು. ನನಗೆ ಈ ದೇಶ ಇಷ್ಟವಾಗಿದ್ದೇ ಇದರಿಂದ.

ಮೊದಲು ಹೊರಗಿನವರು ಇಷ್ಟೊಂದು ಇರಲಿಲ್ಲ. 1932ರಲ್ಲಿ ನೆಲದಡಿ ಪೆಟ್ರೋಲಿಯಂ ಎಣ್ಣೆ ಸಿಕ್ಕಿತು. 1941ರಲ್ಲಿ ಮೊದಲ ಜನಗಣತಿ ಆದಾಗ ಇಡೀ ದೇಶದಲ್ಲಿ ಇದ್ದದ್ದು ಸುಮಾರು 90 ಸಾವಿರ ಜನ. 2001ರಲ್ಲಿ ಆರೂವರೆ ಲಕ್ಷ, ಅದರಲ್ಲಿ ನೂರಕ್ಕೆ 62 ಬಹ್ರೇನಿಗಳು. ಒಂಬತ್ತೇ ವರ್ಷದಲ್ಲಿ, 2010ಕ್ಕೆ, ಜನ 12 ಲಕ್ಷ ದಾಟಿದರು, ಬಹ್ರೇನಿಗಳು ಅರ್ಧಕ್ಕಿಂತ ಕಮ್ಮಿಯಾದರು. ನಾನು ಬಂದದ್ದು ಆ ಹೊತ್ತಿನಲ್ಲೇ. ಸಮುದ್ರಕ್ಕೆ ಮಣ್ಣು ತುಂಬಿ ಎದ್ದ ಕಟ್ಟಡಗಳನ್ನು ಕಣ್ಣಾರೆ ನೋಡಿದ್ದೇನೆ. ತಮ್ಮದೇ ಊರಲ್ಲಿ ತಾವೇ ಕಮ್ಮಿಯಾದ ಜನ ಇವರು. ಎಂದಾದರೂ ಯಾರಾದರೂ ಸ್ವಲ್ಪ ಬಿಗುವಾಗಿ ಮಾತಾಡಿದರೆ ಇದನ್ನು ನೆನಪಿಟ್ಟುಕೋ. ನಮ್ಮೂರಿಗೆ ಹೀಗಾಗಿದ್ದರೆ ನಮಗೂ ಕಳವಳ ಆಗುತ್ತಿತ್ತು, ಅಲ್ವಾ?

ಈಗ ನೀನು ಕೇಳದೇ ಇದ್ದ ವಿಷಯ. ಬಂದ ಮೊದಲ ಶುಕ್ರವಾರ ಸಂಜೆ ಮನಾಮಾದ ಹಳೆ ಪೇಟೆಯ ಹೆಬ್ಬಾಗಿಲು ಬಾಬ್ ಅಲ್ ಬಹ್ರೇನ್ ಹತ್ತಿರ ಹೋಗಿ ನೋಡು. ಮೆಟ್ಟಿಲ ಮೇಲೆ, ಅಂಗಡಿ ಕಟ್ಟೆ ಮೇಲೆ, ಗೋಡೆ ಬದಿಯಲ್ಲಿ ಸಾಲಾಗಿ ಗಂಡಸರು. ಕೈಯಲ್ಲಿ ಫೋನು, ಫೋನಿನ ಆ ಕಡೆ ಮಗು. ಒಬ್ಬ ಅಪ್ಪ ತುತ್ತು ಕಲೆಸುವ ಹಾಗೆ ಕೈಯಾಡಿಸಿ, ಊರಲ್ಲಿರುವ ಮಗಳಿಗೆ ಊಟ ಮಾಡು ಅನ್ನುತ್ತಿದ್ದ. ನಾನು ಅಲ್ಲೇ ನಿಂತುಬಿಟ್ಟೆ. ಈ ದೇಶದ ಒಟ್ಟು ಜನರಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಗಂಡಸರು. ಬಹ್ರೇನಿಗಳಲ್ಲಿ ಗಂಡು ಹೆಣ್ಣು ಸರಿಸಮ. ವ್ಯತ್ಯಾಸ ಇರುವುದೆಲ್ಲ ಹೊರಗಿನವರಲ್ಲಿ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಸಂಬಳ ಒಂದು ಮಟ್ಟಕ್ಕಿಂತ ಮೇಲಿರಬೇಕು. ಕಟ್ಟಡ ಕಟ್ಟುವವನಿಗೆ, ಕ್ಲೀನಿಂಗ್ ಕೆಲಸದವನಿಗೆ ಅಷ್ಟು ಬರುವುದಿಲ್ಲ. ನೀನು ಮಗಳೊಂದಿಗೆ ಬರುತ್ತಿದ್ದೀಯಲ್ಲ, ಅದು ಇಲ್ಲಿ ಎಷ್ಟೋ ಜನರಿಗೆ ಸಿಗದ ಭಾಗ್ಯ.

ಇನ್ನೊಂದು, ನಮ್ಮವರಲ್ಲಿ ವಯಸ್ಸಾದವರೇ ಕಾಣುವುದಿಲ್ಲ. ಕೆಲಸ ಮುಗಿದರೆ ವೀಸಾನೂ ಮುಗಿಯಿತು, ಊರಿಗೆ ಹೋಗುತ್ತಾರೆ. ನನ್ನ ಮಗ ಅಜ್ಜಿಯನ್ನು ವಿಸಿಟ್ ವೀಸಾದಲ್ಲಿ ಕಂಡದ್ದೇ ಜಾಸ್ತಿ. ಅಮ್ಮ ಬಂದಾಗ ಅವನು ಅವರ ಕೈಯ ಸುಕ್ಕು ಮುಟ್ಟಿ ಮುಟ್ಟಿ ನೋಡುತ್ತಿದ್ದ. ನಿನ್ನ ಅತ್ತೆಯೋ ಅಮ್ಮನೋ ಬರಲು ಒಪ್ಪಿದರೆ ವರ್ಷಕ್ಕೊಮ್ಮೆ ಕರೆಸಿಕೋ. ಟಿಕೆಟ್ ಖರ್ಚು ನೋಡಬೇಡ.

ನಮ್ಮವರ ಲೆಕ್ಕವೂ ಬೇಕಲ್ಲ. ಭಾರತೀಯರು ಮೂರು ಲಕ್ಷಕ್ಕೂ ಮೇಲೆ, ಹೆಚ್ಚಿನವರು ಕೇರಳದವರು. ಬೀದಿ ಮೂಲೆಯ ಚಿಕ್ಕ ಅಂಗಡಿಗೆ ಇಲ್ಲಿ ಕೋಲ್ಡ್ ಸ್ಟೋರ್ ಅನ್ನುತ್ತಾರೆ. ಅಲ್ಲಿ ಅರಬ್ಬಿಗಿಂತ ಮೊದಲು ನಿನಗೆ ಮಲಯಾಳಂ ಬೇಕಾಗುತ್ತದೆ. ತುಳು, ಕೊಂಕಣಿ, ಬ್ಯಾರಿ ಮಾತಾಡುವ ಕರಾವಳಿಯವರು ಬೇಕಾದಷ್ಟು ಇದ್ದಾರೆ. ಕನ್ನಡ ಸಂಘ 1977ರಿಂದ ಇದೆ. ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗು, ಕನ್ನಡ ಕಿವಿಗೆ ಬೀಳುತ್ತಿರಲಿ.

ಆದರೆ ಅಲ್ಲಿಗೇ ನಿಲ್ಲಬೇಡ. ನಾನು ಮೊದಲ ನಾಲ್ಕು ವರ್ಷ ಆ ತಪ್ಪು ಮಾಡಿದೆ. ಮನಾಮಾದ ಗುದೈಬಿಯಾ ಬಡಾವಣೆಯಲ್ಲಿ ಮನೆ, ಕಟ್ಟಡದ ತುಂಬಾ ನಮ್ಮವರೇ, ಒಬ್ಬ ಬಹ್ರೇನಿಯ ಹೆಸರೂ ಗೊತ್ತಿರಲಿಲ್ಲ. ಆಮೇಲೆ ಪಕ್ಕದ ಮುಹರ್ರಕ್ ಊರಿನ ಕಡೆ ಮನೆ ಮಾಡಿದೆವು. ರಂಜಾನ್ ಅರ್ಧ ಕಳೆದ ರಾತ್ರಿ ಇಲ್ಲಿ ಗರ್ಗಾಊನ್ ಅಂತ ಮಾಡುತ್ತಾರೆ. ಮಕ್ಕಳು ಹೊಸ ಬಟ್ಟೆ ಹಾಕಿ, ಕೊರಳಿಗೆ ಚೀಲ ನೇತು ಹಾಕಿ, ಹಾಡುತ್ತಾ ಮನೆ ಮನೆಗೆ ಹೋಗುತ್ತಾರೆ. ಪಕ್ಕದ ಮನೆಯಾಕೆ ಬಾಗಿಲು ತಟ್ಟಿ, ನನ್ನ ಮಗನಿಗೂ ಒಂದು ಚೀಲ ಹೊಲಿದು ತಂದಿದ್ದರು. ಅವನು ಕಡಲೆಬೀಜ, ಮಿಠಾಯಿ ತುಂಬಿಸಿಕೊಂಡು ರಾತ್ರಿ ಹತ್ತಕ್ಕೆ ಬಂದ. ಆ ಚೀಲ ಇನ್ನೂ ನನ್ನ ಕಪಾಟಿನಲ್ಲಿದೆ.

ಇಷ್ಟೆಲ್ಲಾ ಇದ್ದರೂ ಪೌರತ್ವದ ಆಸೆ ಇಟ್ಟುಕೊಂಡು ಬರಬೇಡ. ಇಲ್ಲಿ ಹುಟ್ಟಿದ ಮಾತ್ರಕ್ಕೆ ಮಗು ಇಲ್ಲಿಯದಾಗುವುದಿಲ್ಲ, ತಂದೆ ಬಹ್ರೇನಿ ಆಗಿರಬೇಕು. ಅರಬರಲ್ಲದವರು ಅರ್ಜಿ ಹಾಕಲೇ 25 ವರ್ಷ ವಾಸ ಇರಬೇಕು, ಹಾಕಿದವರಿಗೆಲ್ಲ ಸಿಗುವುದೂ ಇಲ್ಲ. 2022ರಿಂದ ದೀರ್ಘಕಾಲ ಇರಲು ಬಿಡುವ ಗೋಲ್ಡನ್ ವೀಸಾ ಇದೆ, ಅದು ಹೆಚ್ಚಾಗಿ ದೊಡ್ಡ ಸಂಬಳದವರಿಗೆ, ಆಸ್ತಿ ಉಳ್ಳವರಿಗೆ. ಊರಲ್ಲಿ ಚಿಕ್ಕದೊಂದು ಮನೆಯ ಯೋಚನೆ ಮೊದಲ ದಿನದಿಂದಲೇ ಇರಲಿ.

ಬಂದ ಕೂಡಲೇ ಮೂರೂ ಜನರ ಸಿಪಿಆರ್, ಅಂದರೆ ಇಲ್ಲಿಯ ಗುರುತಿನ ಚೀಟಿ, ಮಾಡಿಸಿಕೊಳ್ಳಿ. ಆಸ್ಪತ್ರೆ, ಶಾಲೆ, ಫೋನ್ ಸಿಮ್, ಎಲ್ಲಕ್ಕೂ ಅದೇ ಕಾರ್ಡು. ಒಂಬತ್ತು ಅಂಕಿಯ ನಂಬರ್, ಮೊದಲ ನಾಲ್ಕು ನೀನು ಹುಟ್ಟಿದ ವರ್ಷ ಮತ್ತು ತಿಂಗಳು. ಮದುವೆಯ, ಮಗಳ ಜನನದ ಪ್ರಮಾಣಪತ್ರಕ್ಕೆ ಅಲ್ಲಿಂದಲೇ ಅಪೊಸ್ಟಿಲ್ (ಹೊರದೇಶದಲ್ಲಿ ಒಪ್ಪುವ ಸರ್ಕಾರಿ ಮುದ್ರೆ) ಮಾಡಿಸಿ ತಾ, ಇಲ್ಲಿ ಬಂದ ಮೇಲೆ ಪೇಚಾಟ. ಮನೆ ಗೊತ್ತಾದ ಮೇಲೆ ಬ್ಲಾಕ್ ನಂಬರ್ ಕಳಿಸು. ಹತ್ತಿರ ಯಾರಿದ್ದಾರೆ ಅಂತ ವಿಚಾರಿಸಿ ಹೇಳುತ್ತೇನೆ.